ಪೇಟೆಯ ಚರ್ಚಿನಲ್ಲಿ ಸಂಜೆ ಪಾಠ: ಯೌವನಸ್ಥರ ಕೂಟ ಶುರು ಮಾಡುವುದು ಹೇಗೆ, ನಿಲ್ಲದಂತೆ ನಡೆಸುವುದು ಹೇಗೆ

ಬೆಂಗಳೂರಿನ ಹಳೇ ಪೇಟೆ ಭಾಗದಲ್ಲಿ ಕನ್ನಡ ಆರಾಧನೆ ನಡೆಯುವ ಹಳೆಯ ಚರ್ಚುಗಳಿವೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು, ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ಚರ್ಚು ಎಲ್ಲರಿಗೂ ಗೊತ್ತಿರುವಂಥವು. ಇಂಥ ಚರ್ಚುಗಳ ಸಭೆಗೆ (ಸದಸ್ಯ ಬಳಗಕ್ಕೆ) ಸೇರಿದ ಅನೇಕ ಕುಟುಂಬಗಳು ಈಗ ಸುತ್ತಮುತ್ತ ವಾಸವಿಲ್ಲ. ಭಾನುವಾರ ಬರುತ್ತಾರೆ, ಆರಾಧನೆ ಮುಗಿಸಿ ಹೊರಡುತ್ತಾರೆ. ಕಾಂಪೌಂಡಿನ ಆಚೆ ಉಳಿಯುವವರು ಬೇರೆ ಜನ: ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರು, ಕಲಾಸಿಪಾಳ್ಯದಲ್ಲಿ ಮೂಟೆ ಹೊರುವವರು, ಗ್ಯಾರೇಜಿನವರು, ಪೌರಕಾರ್ಮಿಕರು, ಮನೆಗೆಲಸದವರು. ಇವರ ಮಕ್ಕಳಿಗೆ ಚರ್ಚಿನ ಯುವಜನರ ಗುಂಪಾದ ಯೌವನಸ್ಥರ ಕೂಟ ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ ಸಂಜೆ ಪಾಠ. ಡಿಸೆಂಬರಿನಲ್ಲಿ ಕಂಬಳಿ, ಕೇಕು ಹಂಚಿ ಗ್ರೂಪ್ ಫೋಟೋ ತೆಗೆಸುವುದಕ್ಕಿಂತ ಇದು ಕಷ್ಟ, ಆದರೆ ಮಕ್ಕಳಿಗೆ ದಕ್ಕುವುದು ಇದೇ.

ಇಂಥ ಪಾಠಗಳು ನಿಂತುಹೋಗುವುದು ಮನಸ್ಸಿಲ್ಲದೆ ಅಲ್ಲ, ದೊಡ್ಡದಾಗಿ ಶುರು ಮಾಡಿದ್ದರಿಂದ. ಜೂನ್‌ನಲ್ಲಿ ಅರವತ್ತು ಮಕ್ಕಳು, ಇಪ್ಪತ್ತು ಜನ ಅಣ್ಣ–ಅಕ್ಕಂದಿರು. ನವೆಂಬರಿನಲ್ಲಿ ಕಾಲೇಜು ಪರೀಕ್ಷೆ ಬರುವ ಹೊತ್ತಿಗೆ ಮಕ್ಕಳು ಅರವತ್ತೇ, ಕಲಿಸುವವರು ಮೂರು. ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿ: ನಿಮ್ಮ ಅತಿ ಕೆಟ್ಟ ವಾರದಲ್ಲಿ ಎಷ್ಟು ಜನ ಬರಬಲ್ಲಿರಿ? ನಾಲ್ಕು ಜನ ಎಂದಾದರೆ ತಲಾ ಆರು ಮಕ್ಕಳಂತೆ ಇಪ್ಪತ್ನಾಲ್ಕು. ಇಪ್ಪತ್ತೈದನೆಯ ಮಗುವಿನ ಹೆಸರನ್ನು ಕಾಯುವ ಪಟ್ಟಿಗೆ ಬರೆದುಕೊಳ್ಳಿ. ಗೇಟಿನಲ್ಲಿ ನಿಂತ ಮಗುವಿಗೆ ಇಲ್ಲ ಅನ್ನುವುದು ಕರುಳು ಹಿಂಡುವ ಕೆಲಸ. ಆದರೆ ಸೇರಿಸಿಕೊಂಡು ಮೂರು ತಿಂಗಳಲ್ಲಿ ಬಾಗಿಲು ಹಾಕುವುದು ಅದಕ್ಕಿಂತ ಕೆಟ್ಟದ್ದು.

ಜಾಗ, ಅನುಮತಿ, ಹೊತ್ತು

ಮೊದಲು ಸಭಾಪಾಲಕರು (ಪಾದ್ರಿ), ಆಮೇಲೆ ಸಭಾ ಸಮಿತಿ. ಬಾಯಿಮಾತಿನ ಒಪ್ಪಿಗೆ ಸಾಲದು, ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಸಮಿತಿಯ ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ. ಯಾವ ಕೋಣೆ, ಯಾವ ಯಾವ ದಿನ, ಎಷ್ಟು ಹೊತ್ತು, ಕರೆಂಟು ಮತ್ತು ಶೌಚಾಲಯದ ಬಳಕೆ, ಬೀಗದ ಕೈ ಯಾರ ಹತ್ತಿರ, ಮದುವೆ ಇರುವ ದಿನ ಮಕ್ಕಳು ಎಲ್ಲಿ ಕೂರಬೇಕು ಎಲ್ಲವೂ ಅದರಲ್ಲಿರಲಿ. ಬಹುತೇಕ ಜಗಳ ಹುಟ್ಟುವುದು ಮದುವೆ ಮತ್ತು ಬೀಗದ ಕೈ ಎರಡರಿಂದಲೇ. ಚರ್ಚಿನ ಕಾವಲುಗಾರರನ್ನು ಮರೆಯಬೇಡಿ. ಮಕ್ಕಳು ಬಂದು ಹೋಗುವ ಗಲಾಟೆಯನ್ನು ದಿನಾ ಸಹಿಸಬೇಕಾದವರು ಅವರು.

ದಿನ ಗೊತ್ತು ಮಾಡುವ ಮುಂಚೆ ಎರಡು ಸಂಜೆ ಏರಿಯಾ ಸುತ್ತಿ, ಮನೆಯವರ ಹತ್ತಿರ ಮೂರು ಪ್ರಶ್ನೆ ಕೇಳಿ. ನೀರು ಯಾವತ್ತು, ಎಷ್ಟು ಹೊತ್ತಿಗೆ ಬರುತ್ತದೆ? ದಿನ ಬಿಟ್ಟು ದಿನ ನೀರು ಬರುವ ಕಡೆ, ನೀರಿನ ದಿನ ದೊಡ್ಡ ಹೆಣ್ಣುಮಕ್ಕಳು ಬಿಂದಿಗೆ ಬಿಟ್ಟು ಬರಲಾರರು. ಅರಬ್ಬೀ ಪಾಠ ಎಷ್ಟು ಹೊತ್ತಿಗೆ? ಮುಸ್ಲಿಂ ಮನೆಯ ಮಕ್ಕಳು ಸಂಜೆ ಮಸೀದಿಗೋ ಮದರಸಾಕ್ಕೋ ಹೋಗುವುದಿದ್ದರೆ ಅದಕ್ಕೆ ಅಡ್ಡ ಬರಬೇಡಿ, ರಂಜಾನ್ ತಿಂಗಳಲ್ಲಿ ಇಫ್ತಾರಿಗೆ ಮುಂಚೆ ಬಿಡಿ. ಚಿಕ್ಕ ತಮ್ಮ–ತಂಗಿಯನ್ನು ಯಾರು ನೋಡಿಕೊಳ್ಳುತ್ತಾರೆ? ಆರನೇ ಕ್ಲಾಸಿನ ಅಕ್ಕ ಕಂಕುಳಲ್ಲಿ ಎರಡು ವರ್ಷದ ಮಗು ಎತ್ತಿಕೊಂಡೇ ಬರುತ್ತಾಳೆ. ಬೇಡ ಎಂದರೆ ಅವಳೂ ಬರುವುದಿಲ್ಲ. ಮೂಲೆಯಲ್ಲಿ ಒಂದು ಚಾಪೆ, ನಾಲ್ಕು ಆಟಿಕೆ, ಸ್ತ್ರೀಯರ ಕೂಟದ ಒಬ್ಬ ಆಂಟಿ ಇದ್ದರೆ ಸಾಕು.

ವಾರಕ್ಕೆ ಮೂರು ದಿನ, ಒಂದೂವರೆ ಗಂಟೆ. ಮಂಗಳವಾರ, ಗುರುವಾರ, ಶನಿವಾರ, ಸಂಜೆ ಐದೂವರೆಯಿಂದ ಏಳು. ವಾರಕ್ಕೊಂದೇ ದಿನವಾದರೆ ಕಲಿತದ್ದು ಮುಂದಿನ ವಾರಕ್ಕೆ ಉಳಿಯುವುದಿಲ್ಲ.

ಕಲಿಸುವವರ ಪಾಳಿ

ಐಟಿ ಕೆಲಸದವರನ್ನು ಮಂಗಳವಾರ ಐದೂವರೆಗೆ ಹಾಕಿದರೆ ಅವರು ಟೌನ್‌ಹಾಲ್ ಮುಟ್ಟುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ವಾರದ ದಿನಗಳನ್ನು ಕಾಲೇಜಿನವರಿಗೆ, ಶನಿವಾರವನ್ನು ಕೆಲಸದವರಿಗೆ ಕೊಡಿ. ನಾಲ್ಕು ಜನರ ಪಾಳಿಗೆ ಆರು ಹೆಸರು ಬರೆಯಿರಿ, ಉಳಿದ ಇಬ್ಬರು ಬದಲಿ. ಮೂರು ದಿನಕ್ಕೆ ಒಟ್ಟು ಹದಿನಾಲ್ಕು ಹದಿನೈದು ಜನ ಬೇಕಾಗುತ್ತದೆ, ಕೆಲವರು ಎರಡು ದಿನವೂ ಬರುತ್ತಾರೆ ಎಂದುಕೊಂಡು. ವರ್ಷದ ಶುರುವಿನಲ್ಲೇ ಪ್ರತಿಯೊಬ್ಬರ ಸೆಮಿಸ್ಟರ್ ಪರೀಕ್ಷೆಯ ತಿಂಗಳನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿ, ಒಂದೇ ಕಾಲೇಜಿನವರನ್ನೆಲ್ಲ ಒಂದೇ ಪಾಳಿಗೆ ಹಾಕಬೇಡಿ. ಒಬ್ಬ ಅಣ್ಣ ಅಥವಾ ಅಕ್ಕನಿಗೆ ಅದೇ ಆರು ಮಕ್ಕಳು ಇರಲಿ. ವಾರವಾರ ಮುಖ ಬದಲಾದರೆ ಮಗು ಪ್ರತಿ ಸಲ ಹೊಸದಾಗಿ ನಾಚಿಕೆ ಬಿಡಬೇಕು, ಕಲಿಸುವವರು ಪ್ರತಿ ಸಲ ‘ಅ’ದಿಂದ ಶುರು ಮಾಡಬೇಕು. ಪಾಠ ಮುಗಿದ ಮೇಲೆ ಗುಂಪಿನ ಪುಸ್ತಕದಲ್ಲಿ ಎರಡು ಸಾಲು: ಇವತ್ತು ಎಲ್ಲಿಗೆ ಬಂತು, ಯಾರು ಎಲ್ಲಿ ತಡವರಿಸಿದರು. ಬದಲಿಗೆ ಬಂದವರಿಗೆ ಆ ಎರಡು ಸಾಲೇ ದಾರಿ.

ಮೊದಲ ವಾರ ಪಾಠ ಬೇಡ, ಓದಿಸಿ ನೋಡಿ

ಎಲ್ಲರೂ ಮಾಡುವ ತಪ್ಪು ಹೋಂವರ್ಕ್ ಮಾಡಿಸುವುದು. ಐದನೇ ಕ್ಲಾಸಿನ ಹುಡುಗ ನೋಟ್ಸನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿರುತ್ತಾನೆ, ಆದರೆ ಅದರಲ್ಲಿನ ಒಂದು ಸಾಲನ್ನೂ ಓದಲು ಬರುವುದಿಲ್ಲ. ಆದ್ದರಿಂದ ಕ್ಲಾಸು ನೋಡಿ ಗುಂಪು ಮಾಡಬೇಡಿ, ಓದು ನೋಡಿ ಮಾಡಿ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ, ಮಕ್ಕಳ ಓದು ಮತ್ತು ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ, ಒಂದು ಮಗುವಿಗೆ ಐದಾರು ನಿಮಿಷ ಸಾಕು.

ನಾಲ್ಕು ರಟ್ಟಿನ ಕಾರ್ಡು ಮಾಡಿ. ಒಂದರಲ್ಲಿ ಬಿಡಿ ಅಕ್ಷರ, ಒಂದರಲ್ಲಿ ಮರ, ಆಟ, ನೀರು, ಕೋಳಿ, ಬೆಕ್ಕು ಥರದ ಪದ, ಒಂದರಲ್ಲಿ ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಣ್ಣ ವಾಕ್ಯ, ಕೊನೆಯದರಲ್ಲಿ ಎರಡನೇ ಕ್ಲಾಸಿನ ಮಟ್ಟದ ಎಂಟು ಹತ್ತು ಸಾಲಿನ ಕತೆ. ಮಗುವನ್ನು ಒಂಟಿಯಾಗಿ, ಉಳಿದವರಿಗೆ ಕೇಳಿಸದಷ್ಟು ದೂರ, ಆದರೆ ಎಲ್ಲರಿಗೂ ಕಾಣುವ ಹಾಗೆ ಕೂರಿಸಿ. ವಾಕ್ಯದ ಕಾರ್ಡಿನಿಂದ ಶುರು ಮಾಡಿ. ಸಲೀಸಾಗಿ ಓದಿದರೆ ಕತೆ ಕೊಡಿ, ಎಡವಿದರೆ ಪದ, ಅದೂ ಆಗದಿದ್ದರೆ ಅಕ್ಷರ. ಪದ, ಅಕ್ಷರಗಳಲ್ಲಿ ಐದಕ್ಕೆ ನಾಲ್ಕು ಸರಿಯಿದ್ದರೆ ಆ ಮಟ್ಟ ದಾಟಿದಂತೆ. ತಪ್ಪನ್ನು ತಿದ್ದಬೇಡಿ, ಮುಖ ಕಿವಿಚಬೇಡಿ, ಮಟ್ಟವನ್ನು ಮಗುವಿನೆದುರು ಬರೆಯಬೇಡಿ. ಗುಂಪುಗಳಿಗೆ ‘ಜಾಣರು’, ‘ದಡ್ಡರು’ ಎಂಬ ವಾಸನೆ ಬಾರದ ಹೆಸರಿಡಿ: ಮಾವು, ಹಲಸು, ನೇರಳೆ, ಹುಣಸೆ. ಏಳನೇ ಕ್ಲಾಸಿನವರು ಮೂರನೇ ಕ್ಲಾಸಿನವರ ಜೊತೆ ಕೂರಬೇಕಾಗಿ ಬಂದು ಮುಖ ಸಣ್ಣ ಮಾಡಿಕೊಂಡರೆ ಅಂಥ ದೊಡ್ಡವರದ್ದೇ ಒಂದು ಗುಂಪು ಮಾಡಿ. ಕಾರ್ಡು ಅದೇ, ಆದರೆ ಓದಲು ಬಸ್ಸಿನ ಬೋರ್ಡು, ಕ್ರಿಕೆಟ್ ಸುದ್ದಿ, ಅಂಗಡಿ ಹೆಸರು ಕೊಡಿ.

ಲೆಕ್ಕಕ್ಕೂ ಹೀಗೆಯೇ. 52ರಲ್ಲಿ 37 ಕಳೆಯುವಂಥ ದಶಕ ತೆಗೆದುಕೊಳ್ಳುವ ಲೆಕ್ಕದಿಂದ ಶುರು ಮಾಡಿ. ಬಂದರೆ ಭಾಗಾಕಾರ, ಬಾರದಿದ್ದರೆ ಎರಡಂಕಿ ಗುರುತಿಸುವುದು. ದಶಕ ತೆಗೆದುಕೊಳ್ಳುವುದು ತಲೆಗೆ ಹತ್ತದವರಿಗೆ ಐಸ್‌ಕ್ರೀಂ ಕಡ್ಡಿಯ ಹತ್ತರ ಕಟ್ಟು ಬಿಚ್ಚಿ ತೋರಿಸಿ. ಪಾಟಿಯ ಮೇಲೆ ಹತ್ತು ಸಲ ಬರೆಸಿದರೂ ಆಗದ್ದು ಕಟ್ಟು ಬಿಚ್ಚಿದಾಗ ಆಗುತ್ತದೆ.

ಕನ್ನಡ ಓದಿಸುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಪೇಟೆಯ ಗಲ್ಲಿಗಳಲ್ಲಿ ಮನೆಮಾತು ತಮಿಳು, ದಖನಿ ಉರ್ದು, ತೆಲುಗು. ಬೀದಿಯಲ್ಲಿ ಕನ್ನಡ ಧಾರಾಳ, ಪುಸ್ತಕದಲ್ಲಿ ಇಲ್ಲ.

ವರ್ಣಮಾಲೆಯ 49 ಅಕ್ಷರವನ್ನು ಮಗ್ಗಿಯಂತೆ ಒಪ್ಪಿಸುವ ಮಗು ‘ಘ’ ಒಂದನ್ನೇ ತೋರಿಸಿದರೆ ಕಣ್ಣು ಕಣ್ಣು ಬಿಡುತ್ತದೆ. ಹಾಡಿಸುವುದನ್ನು ಬಿಡಿ. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿ–ಕಲಿ ಪದ್ಧತಿಯಲ್ಲಿ ಬರುವ ಕ್ರಮವೇ ಒಳ್ಳೆಯದು: ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ, ದರ ಎಂದು ಮೊದಲ ದಿನವೇ ಪದ ಓದಬಹುದು. ಆಮೇಲೆ ಜ, ವ, ಮ, ಬ, ನ. ಪದ ಓದಿದ ಖುಷಿ ಮೊದಲ ವಾರವೇ ಸಿಗದಿದ್ದರೆ ಎರಡನೇ ವಾರ ಮಗು ಬರುವುದಿಲ್ಲ.

ಕಾಗುಣಿತ ದಾಟಿದವರು ಮುಗ್ಗರಿಸುವುದು ಒತ್ತಕ್ಷರದಲ್ಲಿ. ಕಣ್ಣು ಕೆಳಗಿನ ಒತ್ತನ್ನು ಬಿಟ್ಟು ಮೇಲಿನ ಅಕ್ಷರದ ಮೇಲೆಯೇ ಓಡುತ್ತದೆ. ಜೋಡಿ ಪದ ಕೊಡಿ: ಕತೆ–ಕತ್ತೆ, ಎಲೆ–ಎಲ್ಲೆ, ಹಳಿ–ಹಳ್ಳಿ. ‘ನಾನು ಕತ್ತೆ ಹೇಳುತ್ತೇನೆ’ ಎಂದು ಓದಿ ಎಲ್ಲರೂ ನಕ್ಕ ಮೇಲೆ ಆ ಒತ್ತು ಮರೆಯುವುದಿಲ್ಲ. ಸೂರ್ಯನನ್ನು ‘ಸೂರ್‍ಯ’ ಅಲ್ಲ, ಅರ್ಕಾವತ್ತು ಹಾಕಿ ಬರೆದಾಗ ‘ಸೂಯ್ರ’ ಎಂದು ಓದುವುದು ಸಾಮಾನ್ಯ, ಯಾಕೆಂದರೆ ಆ ಗುರುತನ್ನು ಬರೆಯುವುದು ‘ಯ’ ಆದ ಮೇಲೆ, ಉಚ್ಚರಿಸುವುದು ಅದಕ್ಕೆ ಮುಂಚೆ. ಇದನ್ನು ಬೇರೆಯಾಗಿ ಒಂದು ದಿನ ಮಾಡಿಸಿ.

ಮನೆಮಾತಿಗೆ ತಕ್ಕ ತಪ್ಪುಗಳನ್ನು ದಡ್ಡತನ ಎಂದುಕೊಳ್ಳಬೇಡಿ. ತಮಿಳು ಲಿಪಿಯಲ್ಲಿ ಕ–ಗಕ್ಕೆ, ತ–ದಕ್ಕೆ, ಪ–ಬಕ್ಕೆ ಒಂದೊಂದೇ ಅಕ್ಷರ, ಮಾತಿನಲ್ಲೂ ಪದದ ಶುರುವಿನಲ್ಲಿ ಕಠಿಣ ದನಿಯೇ ಸಹಜ. ಹಾಗಾಗಿ ಗಿಡ ‘ಕಿಡ’ ಆಗುತ್ತದೆ, ದಾರಿ ‘ತಾರಿ’ ಆಗುತ್ತದೆ. ಗಂಟಲ ಮೇಲೆ ಬೆರಳಿಟ್ಟು ‘ಪ್’, ‘ಬ್’ ಎನ್ನಿಸಿ, ಅದುರುವುದು ಯಾವುದು ಎಂದು ಅವರೇ ಕಂಡುಕೊಳ್ಳಲಿ. ಉರ್ದು ಮನೆಯ ಮಕ್ಕಳಿಗೆ ಳ ಮತ್ತು ಣ ಕಷ್ಟ: ಹಳ್ಳಿ ‘ಹಲ್ಲಿ’, ಹಣ ‘ಹನ’. ಎ–ಏ, ಒ–ಓ ಹ್ರಸ್ವ ದೀರ್ಘವೂ ತಪ್ಪುತ್ತದೆ. ಆದರೆ ಭ, ಘ, ಧ ಇವರ ನಾಲಗೆಗೆ ಸಲೀಸು, ತಮಿಳು ಮನೆಯವರಿಗೆ ಅದೇ ಕಬ್ಬಿಣದ ಕಡಲೆ. ಇಬ್ಬರನ್ನೂ ಜೋಡಿ ಕೂರಿಸಿ, ಒಬ್ಬರಿಗೊಬ್ಬರು ಓದಿ ತಿದ್ದಲಿ. ಅಣ್ಣ–ಅಕ್ಕಂದಿರ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಎಂಟು ವಾರಕ್ಕೊಮ್ಮೆ ಅದೇ ಕ್ರಮದಲ್ಲಿ, ಬೇರೆ ಪದ–ಕತೆಯ ಕಾರ್ಡಿನಲ್ಲಿ ಮತ್ತೆ ಓದಿಸಿ ನೋಡಿ, ಗುಂಪು ಬದಲಿಸಿ. ಹತ್ತನೇ ಕ್ಲಾಸಿನವರನ್ನು ಮೊದಲ ವರ್ಷ ತೆಗೆದುಕೊಳ್ಳದಿರುವುದೇ ಮೇಲು. ಅವರಿಗೆ ವಿಷಯ ತಿಳಿದ ಶಿಕ್ಷಕರು ಬೇಕು, ಪ್ರೀತಿಯೊಂದೇ ಸಾಲದು. ಆದರೆ ಏರಿಯಾದಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತವರಿದ್ದರೆ ಹೋಗಿ ಮಾತಾಡಿಸಿ. 2023–24ನೇ ಸಾಲಿನಿಂದ ಅದೇ ವರ್ಷ ಮತ್ತೆ ಪರೀಕ್ಷೆ–2 ಬರೆಯಬಹುದು. ನೋಂದಣಿ ಶಾಲೆಯ ಮೂಲಕ ಆಗಬೇಕು, ಫಲಿತಾಂಶ ಬಂದ ಕೆಲವೇ ದಿನಕ್ಕೆ ಅವಧಿ ಮುಗಿಯುತ್ತದೆ. ಹೆಡ್‌ಮಾಸ್ಟರ್ ಹತ್ತಿರ ಕರೆದುಕೊಂಡು ಹೋಗಲು ಒಬ್ಬ ಅಣ್ಣ ಇದ್ದರೆ ಸಾಕು.

ತಿಂಡಿ

ಪಾಠಕ್ಕೆ ಮುಂಚೆಯೇ ಕೊಡಿ. ಮಧ್ಯಾಹ್ನದ ಬಿಸಿಯೂಟದ ಮೇಲೆ ಏನೂ ತಿನ್ನದ ಮಗುವಿಗೆ ಆರು ಗಂಟೆಗೆ ಅಕ್ಷರ ಕಾಣುವುದಿಲ್ಲ. ಕೊನೆಗೆ ಇಟ್ಟರೆ ತಿಂಡಿಯ ಹೊತ್ತಿಗಷ್ಟೇ ಬರುವವರು ಹೆಚ್ಚುತ್ತಾರೆ. ಇಪ್ಪತ್ನಾಲ್ಕು ಮಕ್ಕಳ ಉಸಲಿಗೆ ಒಣ ಕಡಲೆಕಾಳು 800 ಗ್ರಾಂ. ಎಂಟು ಗಂಟೆ ನೆನೆಸಿ, ಬೇಸಿಗೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ಕಾಳು ಮತ್ತು ನೀರು ಸೇರಿ ಕುಕ್ಕರಿನ ಅರ್ಧ ಮೀರಬಾರದು, ಹಾಗಾಗಿ ಏಳೂವರೆ ಲೀಟರಿನ ಕುಕ್ಕರ್ ಬೇಕು, ಚಿಕ್ಕದಾದರೆ ಎರಡು ಸಲ ಬೇಯಿಸಿ. ನಾಲ್ಕೈದು ಕೂಗು ಸಾಕು. ಸಾಸಿವೆ–ಕರಿಬೇವಿನ ಒಗ್ಗರಣೆ, ಅರ್ಧ ಹೋಳು ಕಾಯಿತುರಿ, ಖಾರ ಕಡಿಮೆ. ಅಡುಗೆಗೆ ಕೈ ಇಲ್ಲದ ದಿನ ತಲಾ ಎರಡು ಬಾಳೆಹಣ್ಣು. ಕೇಕು, ಪಫ್ಸು ಹಬ್ಬಕ್ಕಿರಲಿ. ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಕಡಲೆ, ಶೇಂಗಾ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಿಸುಕಿ ಕೊಡಿ.

ಪ್ರಾರ್ಥನೆಯ ಪ್ರಶ್ನೆ

ಕೂಟದಲ್ಲಿ ಒಬ್ಬರಾದರೂ ಕೇಳುತ್ತಾರೆ: ಚರ್ಚಿನ ಪಾಠ ಎಂದ ಮೇಲೆ ಯೇಸುವಿನ ಹೆಸರು ಎತ್ತುವುದೇ ಬೇಡವೇ? ತಂದೆತಾಯಿ ಜೊತೆಯಲ್ಲಿಲ್ಲದ, ನಿಮ್ಮ ಕೈಯ ತಿಂಡಿ ತಿನ್ನುತ್ತಿರುವ ಮಗುವಿನ ಮುಂದೆ ಸುವಾರ್ತೆ (ಯೇಸುವಿನ ಸಂದೇಶ) ಸಾರುವುದು ತಕ್ಕದ್ದಲ್ಲ. ಅಣ್ಣ–ಅಕ್ಕಂದಿರು ಮಕ್ಕಳು ಬರುವ ಮುಂಚೆ ಹತ್ತು ನಿಮಿಷ ಸೇರಿ ಪ್ರಾರ್ಥಿಸಲಿ. ಚೀಲದಲ್ಲಿ ಕರಪತ್ರ ಬೇಡ, ಭಾನುವಾರ ಶಾಲೆಗೆ (ಚರ್ಚಿನ ಸಂಡೇ ಸ್ಕೂಲಿಗೆ) ಬಂದರೆ ಪೆನ್ಸಿಲ್ ಬಾಕ್ಸ್ ಎಂಬ ಮಾತು ಬೇಡವೇ ಬೇಡ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಯಲ್ಲಿ ಸೇರಿಸಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಒಂದು ಅನುಮಾನ ಸಾಕು, ಗಲ್ಲಿ ಮುನಿಸಿಕೊಳ್ಳುತ್ತದೆ. ಇಲ್ಲಿ ಓದು, ಲೆಕ್ಕ, ತಿಂಡಿ ಮಾತ್ರ, ಧರ್ಮದ ಪಾಠ ಇಲ್ಲ ಎಂದು ಕನ್ನಡ, ತಮಿಳು, ಉರ್ದುವಿನಲ್ಲಿ ಒಂದು ಹಾಳೆ ಬರೆದು, ಓದಲು ಬಾರದ ಮನೆಯಲ್ಲಿ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ. ಅದೇ ಹಾಳೆಯಲ್ಲಿ ಫೋನ್ ನಂಬರ್, ಅಲರ್ಜಿ, ಯಾರು ಕರೆದುಕೊಂಡು ಹೋಗುತ್ತಾರೆ ಎಂಬುದೂ ಇರಲಿ.

ಮಕ್ಕಳ ಸುರಕ್ಷತೆ

ಇದರಲ್ಲಿ ರಿಯಾಯಿತಿ ಇಲ್ಲ. ಹದಿನೆಂಟು ತುಂಬದವರು ಗುಂಪಿನ ಹೊಣೆ ಹೊರುವಂತಿಲ್ಲ, ಸಹಾಯಕ್ಕೆ ಬರಬಹುದು. ಒಂದು ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಬೇಕು. ಮಗುವನ್ನು ಬೈಕಿನಲ್ಲಿ ಮನೆಗೆ ಬಿಡುವುದು, ಖಾಸಗಿಯಾಗಿ ವಾಟ್ಸಾಪ್ ಮಾಡುವುದು, ಮುಖ ಕಾಣುವ ಫೋಟೋ ಸ್ಟೇಟಸ್‌ಗೆ ಹಾಕುವುದು ಯಾವುದೂ ಇಲ್ಲ. ಏಳು ಗಂಟೆಗೆ ಕರೆದೊಯ್ಯಲು ಯಾರೂ ಬಾರದಿದ್ದರೆ ಇಬ್ಬರು ಒಟ್ಟಿಗೆ ಮನೆ ತನಕ ನಡೆದು ಬಿಡಿ.

ಮಗು ಯಾರೋ ಹಾಗೆ ಮುಟ್ಟಿದರು ಎಂದರೆ ಕೇಳಿಸಿಕೊಳ್ಳಿ, ಕೆದಕಿ ಕೆದಕಿ ಪ್ರಶ್ನೆ ಕೇಳಬೇಡಿ, ಯಾರಿಗೂ ಹೇಳುವುದಿಲ್ಲ ಎಂಬ ಮಾತು ಕೊಡಬೇಡಿ. ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಮಗು ಆಡಿದ ಮಾತನ್ನು ಹಾಗೇ ಬರೆದಿಟ್ಟು, ಅದೇ ದಿನ ಪೊಲೀಸರಿಗೆ ತಿಳಿಸಿ. ದಿಕ್ಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ತಿಳಿಸಲೇಬೇಕು, ತಿಳಿಸದಿರುವುದೇ 21ನೇ ಕಲಂ ಪ್ರಕಾರ ಒಂದು ಅಪರಾಧ. ‘ಸಭೆಯ ಮರ್ಯಾದೆ’ ಎಂದು ಹಿರಿಯರು ಕೂತು ರಾಜಿ ಮಾಡಿಸಲು ಹೊರಟರೆ, ಸಭಾಪಾಲಕರೇ ಹೇಳಿದರೂ ಒಪ್ಪಬೇಡಿ.

ಕಾಗದಪತ್ರ ಮತ್ತು ದುಡ್ಡು

ತಿಂಗಳಿಗೊಂದು ಶನಿವಾರ ಕಾಗದಪತ್ರಕ್ಕೆ ಇಡಿ. ವಿದ್ಯಾರ್ಥಿವೇತನ ಬಾರದಿರುವುದಕ್ಕೆ ಸಾಮಾನ್ಯ ಕಾರಣ ಹೆಸರು. ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲಾತಿ) ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ, ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಐದು ಮತ್ತು ಹದಿನೈದನೇ ವಯಸ್ಸಿನಲ್ಲಿ ಆಧಾರ್‌ಗೆ ಬೆರಳಚ್ಚು ಹೊಸದಾಗಿ ಕೊಡಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದೂ ನೋಡಿ. ಶಾಲೆ ಬಿಟ್ಟ ಮಗು ಸಿಕ್ಕರೆ ನೆನಪಿಡಿ: 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಆರರಿಂದ ಹದಿನಾಲ್ಕರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಶಾಲೆಯವರು ಅಲ್ಲಗಳೆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಅರ್ಜಿ ಕೊಡಿ.

ಖರ್ಚು ಕಾಳು, ಹಣ್ಣು, ನೋಟ್‌ಬುಕ್ಕು, ಕಾರ್ಡುಗಳಷ್ಟೇ. ಯಾರ ವೈಯಕ್ತಿಕ ಗೂಗಲ್ ಪೇಗೂ ದುಡ್ಡು ಹಾಕಿಸಿಕೊಳ್ಳಬೇಡಿ, ಚರ್ಚಿನ ಖಾತೆಯಲ್ಲಿ ಬೇರೆ ಬಾಬತ್ತು ತೆರೆಸಿ. ಅಮೆರಿಕದಲ್ಲಿರುವ ಸಭೆಯ ಹಳಬರು ಕಳಿಸುತ್ತೇವೆ ಎಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡಿನವರದ್ದು, ಅಂದರೆ ಬೇರೆ ದೇಶದ ಪೌರರಾದ ಭಾರತ ಮೂಲದವರದ್ದು, ವಿದೇಶಿ ದೇಣಿಗೆಯೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ.

ಮಾರ್ಚಿನಲ್ಲಿ ಶಾಲೆಯ ಪರೀಕ್ಷೆ, ಏಪ್ರಿಲ್‌ನಲ್ಲಿ ಬಹಳ ಮಕ್ಕಳು ಊರಿಗೆ ಹೋಗುತ್ತಾರೆ. ಏಪ್ರಿಲ್ ಮೊದಲ ವಾರ ಕೊನೆಯ ಓದು ಪರೀಕ್ಷೆ ಮಾಡಿ ಪಾಠ ನಿಲ್ಲಿಸಿ, ಜೂನ್‌ನ ಯಾವ ತಾರೀಕಿಗೆ ಮತ್ತೆ ಶುರು ಎಂದು ಚೀಟಿ ಬರೆದು ಮನೆಮನೆಗೆ ಕೊಡಿ. ಮೇ ಕೊನೆಯಲ್ಲಿ ಮತ್ತೊಮ್ಮೆ ಗಲ್ಲಿ ಸುತ್ತಿ. ಬಾಡಿಗೆ ಮನೆ ಬದಲಿಸಿ ಹೋದವರ ಜಾಗಕ್ಕೆ ಕಾಯುವ ಪಟ್ಟಿಯಿಂದ ಅನುಕ್ರಮವಾಗಿ ಕರೆಯಿರಿ.